ಸರ್ಕಾರ ಬಿದ್ದರೂ ಉಳಿದ ಕಾನೂನು

ನೆಲದಡಿಯಲ್ಲಿ ಕಲ್ಲಿದ್ದಲು, ನೆತ್ತಿಯ ಮೇಲೆ ಉರಿಬಿಸಿಲು ಎರಡೂ ಧಾರಾಳವಾಗಿರುವ ದೇಶ ಆಸ್ಟ್ರೇಲಿಯಾ. ಇವೆರಡರಲ್ಲಿ ಯಾವುದನ್ನು ನೆಚ್ಚಬೇಕು ಎಂಬ ಪ್ರಶ್ನೆ ಅಲ್ಲಿ ಹಲವು ನಾಯಕರ ಕುರ್ಚಿಯನ್ನು ಅಲುಗಾಡಿಸಿದೆ.

2007ರ ಡಿಸೆಂಬರಿನಲ್ಲಿ ಪ್ರಧಾನಿಯಾದ ಲೇಬರ್ ಪಕ್ಷದ ಕೆವಿನ್ ರಡ್ ಮೊದಲು ಮಾಡಿದ ಕೆಲಸವೇ ಕ್ಯೋಟೊ ಒಪ್ಪಂದಕ್ಕೆ ಅಂಗೀಕಾರ ನೀಡಿದ್ದು. ಆದರೆ ಇಂಗಾಲಕ್ಕೆ ಬೆಲೆ ಕಟ್ಟುವ ಅವರ ಮಸೂದೆ 2009ರಲ್ಲಿ ಸೆನೆಟ್‌ನಲ್ಲಿ ಎರಡು ಬಾರಿ ಬಿದ್ದುಹೋಯಿತು. ಅದನ್ನು ಬೆಂಬಲಿಸಿದ್ದ ವಿರೋಧ ಪಕ್ಷದ ನಾಯಕ ಮಾಲ್ಕಮ್ ಟರ್ನ್‌ಬುಲ್, ಒಂದೇ ಒಂದು ಮತದ ಅಂತರದಿಂದ ನಾಯಕತ್ವವನ್ನು ಟೋನಿ ಅಬಟ್ ಅವರಿಗೆ ಬಿಟ್ಟುಕೊಡಬೇಕಾಯಿತು.

ರಡ್ ನಂತರ ಬಂದ ಜೂಲಿಯಾ ಗಿಲಾರ್ಡ್ ಪಟ್ಟು ಬಿಡಲಿಲ್ಲ. ದೊಡ್ಡ ಉದ್ಯಮಗಳು ಹೊರಬಿಡುವ ಪ್ರತಿ ಟನ್ ಇಂಗಾಲಾನಿಲಕ್ಕೆ 23 ಆಸ್ಟ್ರೇಲಿಯನ್ ಡಾಲರ್ ತೆರಬೇಕೆಂಬ ನಿಯಮ 2012ರ ಜುಲೈ 1ರಂದು ಜಾರಿಗೆ ಬಂತು. ವಿದ್ಯುತ್ ದರ ಏರಿತೆಂಬ ಜನರ ಸಿಟ್ಟನ್ನೇ ಅಸ್ತ್ರ ಮಾಡಿಕೊಂಡ ಅಬಟ್ 2013ರ ಚುನಾವಣೆ ಗೆದ್ದರು. 2014ರ ಜುಲೈ 17ರಂದು ಅದು ರದ್ದಾಯಿತು. ಅದರ ಆಯುಷ್ಯ ಎರಡೇ ವರ್ಷ.

ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ಸ್ವಾರಸ್ಯ. ಗಿಲಾರ್ಡ್ ಕಾಲದಲ್ಲಿಯೇ ಸಾವಿರ ಕೋಟಿ ಡಾಲರ್ ಬಂಡವಾಳದ ಶುದ್ಧ ಇಂಧನ ಹಣಕಾಸು ನಿಗಮ ಮತ್ತು ಸಂಶೋಧನೆಗೆ ನೆರವಾಗುವ ನವೀಕರಿಸಬಹುದಾದ ಇಂಧನ ಸಂಸ್ಥೆ ಹುಟ್ಟಿದ್ದವು. ಎರಡನ್ನೂ ಮುಚ್ಚಲು ಅಬಟ್ ಹೊರಟರು. ಆದರೆ ಅವು ಸಂಸತ್ತಿನ ಕಾಯ್ದೆಯಿಂದ ಹುಟ್ಟಿದವು. ಮುಚ್ಚಲು ಸೆನೆಟ್‌ನ ಒಪ್ಪಿಗೆ ಬೇಕಿತ್ತು. ಅದು ಸಿಗಲಿಲ್ಲ. ಕಾಯ್ದೆಯ ಬಲವಿಲ್ಲದಿದ್ದ ಹವಾಮಾನ ಆಯೋಗ ಮಾತ್ರ 2013ರ ಸೆಪ್ಟೆಂಬರಿನಲ್ಲಿ ಸರ್ಕಾರದ ಒಂದು ಆದೇಶಕ್ಕೆ ಮುಚ್ಚಿಹೋಯಿತು. ಅದರ ಸದಸ್ಯರು ಸಾರ್ವಜನಿಕರ ದೇಣಿಗೆಯಿಂದ ಹವಾಮಾನ ಮಂಡಳಿ ಕಟ್ಟಿ ಕೆಲಸ ಮುಂದುವರಿಸಿದರು.

ಹಿನ್ನಡೆ ಇರಲಿಲ್ಲವೆಂದಲ್ಲ. 2020ರ ವೇಳೆಗೆ ದೊಡ್ಡ ಸ್ಥಾವರಗಳಿಂದ 4,100 ಕೋಟಿ ಯೂನಿಟ್ ನವೀಕರಿಸಬಹುದಾದ ವಿದ್ಯುತ್ ಪಡೆಯುವ ಗುರಿ 2015ರಲ್ಲಿ 3,300 ಕೋಟಿಗೆ ಇಳಿಯಿತು. ಆದರೂ ಮನೆಮನೆಯ ಚಾವಣಿಗೆ ಸೌರ ಫಲಕ ಏರುತ್ತಲೇ ಹೋಯಿತು. ಇಂದು ಅಲ್ಲಿ ಸುಮಾರು ಮೂರು ಮನೆಗಳಲ್ಲಿ ಒಂದರ ಮೇಲೆ ಫಲಕವಿದೆ. ಆ ಮನೆಯವರು ಯಾವ ಪಕ್ಷಕ್ಕೆ ಮತ ಹಾಕಿದರೂ ಬಿಲ್ಲಿನ ಉಳಿತಾಯವನ್ನು ಬಿಟ್ಟುಕೊಡಲಾರರು.

2022ರಲ್ಲಿ ಲೇಬರ್ ಪಕ್ಷ ಮರಳಿ ಅಧಿಕಾರಕ್ಕೆ ಬಂತು. 2030ರೊಳಗೆ ಅನಿಲ ಹೊರಸೂಸುವಿಕೆಯನ್ನು 2005ರ ಮಟ್ಟಕ್ಕಿಂತ ಶೇ 43ರಷ್ಟು ತಗ್ಗಿಸುವ ಗುರಿಯನ್ನು ಅದು ಕಾಯ್ದೆಯಲ್ಲೇ ಬರೆದಿಟ್ಟಿತು. ಕಾಯ್ದೆಯನ್ನೂ ಮುಂದೊಂದು ಸರ್ಕಾರ ಅಳಿಸಬಹುದು. ಇಂಗಾಲದ ಬೆಲೆಯ ಗತಿಯೇ ಅದಕ್ಕೆ ಸಾಕ್ಷಿ. ಸ್ವಂತ ಬಂಡವಾಳವುಳ್ಳ ಸಂಸ್ಥೆಯನ್ನು, ಜನರ ಚಾವಣಿ ಏರಿದ ಫಲಕವನ್ನು ಅಳಿಸುವುದು ಅಷ್ಟು ಸುಲಭವಲ್ಲ.