ಬಾಯಿಪಾಠ: ಕಡತದಿಂದ ಮೊಬೈಲಿಗೆ

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ಮೊಬೈಲ್ ಹಿಡಿದು ಕೂತಿದ್ದ. ರೀಲ್ಸ್ ಇರಬೇಕು ಅಂದುಕೊಂಡೆ. ಇಣುಕಿದರೆ ‘ಹಾವೇರಿ ಜಿಲ್ಲೆ ಆದದ್ದು ಯಾವಾಗ?’ ಅಂತ ಒಂದು ಕಾರ್ಡು. ಮುಟ್ಟಿದ, 1997 ಅಂತ ಬಂತು. ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನಂತೆ. ಆ್ಯಪ್ ಹೆಸರು ಆಂಕಿ.

ಬರೆದು, ಒಪ್ಪಿಸಿ, ಮರೆತು, ಮತ್ತೆ ಒಪ್ಪಿಸುವುದು ನಮ್ಮ ಕಡೆ ಹೊಸದಲ್ಲ. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಸಾಲಿಗಳ ಲೆಕ್ಕ ಮದ್ರಾಸಿಗೆ ಕಳಿಸಿದ. ಗವರ್ನರ್ ಥಾಮಸ್ ಮನ್ರೋ ಕೇಳಿದ್ದ ಲೆಕ್ಕ ಅದು. ತುಂಗಭದ್ರೆಯ ಆಚೆ ದಂಡೆಯ ಹರಪನಹಳ್ಳಿ ಸೀಮೆ ಆಗ ಆ ಜಿಲ್ಲೆಗೇ ಸೇರಿತ್ತು. ಒಟ್ಟು 533 ಸಾಲಿ, 6,641 ಮಕ್ಕಳು. ಕನ್ನಡ ಸಾಲಿ 235.

ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಆಮೇಲೆ ಕಡತ. ಬಟ್ಟೆಗೆ ಗಂಜಿ ಹಾಕಿ, ಪುಸ್ತಕದ ಹಾಗೆ ಮಡಚಿ, ಇದ್ದಲು-ಅಂಟು ಬಳಿದು ಕಪ್ಪು ಮಾಡಿದ್ದು. ಬಳಪದಲ್ಲಿ ಬರೆಯೋದು, ಒದ್ದೆ ಬಟ್ಟೆಯಿಂದ ಒರೆಸೋದು, ಮತ್ತೆ ಬರೆಯೋದು. ದೊಡ್ಡ ಹುಡುಗರು ಸಣ್ಣವರಿಗೆ ಹೇಳಿಕೊಡುತ್ತಿದ್ದರು, ಅದರಿಂದ ಅವರ ಪಾಠವೂ ಗಟ್ಟಿಯಾಗುತ್ತಿತ್ತು. ಇದನ್ನು ಕ್ಯಾಂಪ್‌ಬೆಲ್ ಮೆಚ್ಚಿದ. ಆದರೆ ಪದ್ಯಗಳನ್ನು ಅರ್ಥ ಗೊತ್ತಿಲ್ಲದೆ ಗಿಳಿಯ ಹಾಗೆ ಒಪ್ಪಿಸುತ್ತಾರೆ ಅಂತ ದೂರಿದ. ಜನ ಬಡವರಾಗುತ್ತಿದ್ದಾರೆ, ಅದಕ್ಕೇ ಸಾಲಿ ಕಡಿಮೆಯಾಗುತ್ತಿವೆ ಅಂತಲೂ ಬರೆದ. ಈ ಮಾತನ್ನು ಓದುವಾಗ ನನಗೆ ಇವತ್ತಿನ ಕೋಚಿಂಗ್ ಫೀಸು ನೆನಪಾಗುತ್ತದೆ.

1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಅಂತ ಅಳೆದದ್ದನ್ನು ಪ್ರಕಟಿಸಿದ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಕಾರ್ಡುಗಳನ್ನು ಡಬ್ಬಿಯಲ್ಲಿ ವಿಂಗಡಿಸುವುದನ್ನು ಹೇಳಿಕೊಟ್ಟ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆರಿಸಿ ಬೇರೆ ಬೇರೆ ರಾಶಿ ಹಾಕುತ್ತಾರಲ್ಲ, ಹಾಗೆ. ಉತ್ತರ ಬಂದ ಕಾರ್ಡು ಮುಂದಿನ ಮನೆಗೆ, ಅದನ್ನು ತಡವಾಗಿ ನೋಡಿದರೆ ಸಾಕು. ತಪ್ಪಿದ್ದು ಮತ್ತೆ ಮೊದಲ ಮನೆಗೆ. ಈ ವಿಂಗಡಣೆಯನ್ನು ಕಂಪ್ಯೂಟರೇ ಮಾಡುವ ಆಂಕಿ ಬಂದದ್ದು 2006ರಲ್ಲಿ. ಆಂಕಿ ಅಂದರೆ ಜಪಾನಿ ಭಾಷೆಯಲ್ಲಿ ಬಾಯಿಪಾಠ! ಆಂಡ್ರಾಯ್ಡ್ ಫೋನಿಗೆ ಆಂಕಿಡ್ರಾಯ್ಡ್ ಪುಕ್ಕಟೆ ಸಿಗುತ್ತದೆ.

ನಮ್ಮ ಹುಡುಗರು ವಿಷಯಕ್ಕೊಂದು ಡೆಕ್ ಮಾಡುತ್ತಾರೆ: ಇತಿಹಾಸ, ಸಂವಿಧಾನ, ಪಂಚಾಯತ್ ರಾಜ್. ದಿನಕ್ಕೆ 20 ಹೊಸ ಕಾರ್ಡು ಅಂತ ಆ್ಯಪೇ ಇಟ್ಟಿರುತ್ತದೆ. ಹುರುಪಿನಲ್ಲಿ 50 ಮಾಡಿಕೊಂಡವರು ಬಹಳ. ಗೋವಿನಜೋಳ ಕೊಯ್ಯಲು ಹೊಲಕ್ಕೆ ಹೋಗಿ ನಾಲ್ಕು ದಿನ ಬಿಟ್ಟರೆ ಹಳೇ ಕಾರ್ಡು ಗುಡ್ಡೆ ಬೀಳುತ್ತವೆ, ನೋಡಿ ಹೆದರಿ ಆ್ಯಪನ್ನೇ ತೆಗೆದುಬಿಡುತ್ತಾರೆ. ಹತ್ತೇ ಇಟ್ಟುಕೊಳ್ಳಿ. ಬೇರೆಯವರ ಡೆಕ್ ಇಳಿಸಿಕೊಳ್ಳುವುದು ಸುಲಭ, ಆದರೆ ಅಲ್ಲಿ ಕ್ಯಾಂಪ್‌ಬೆಲ್ ಹೇಳಿದ ಗಿಳಿಯೇ ಎದುರಾಗುತ್ತದೆ. ಪಾಠ ಓದಿ ಸ್ವಂತ ಮಾತಿನಲ್ಲಿ ಬರೆದ ಕಾರ್ಡೇ ತಲೆಯಲ್ಲಿ ನಿಲ್ಲೋದು.

ಸಿಂಕ್ ಮಾತ್ರ ಮರೆಯಬೇಡಿ. ಬ್ಯಾಡಗಿಯ ನಮ್ಮ ಪರಿಚಯದ ಹುಡುಗಿಯೊಬ್ಬಳು ಆರು ತಿಂಗಳು ಕೂತು ಕಾರ್ಡು ಮಾಡಿದ್ದಳು. ಫೋನ್ ನೀರಿಗೆ ಬಿತ್ತು, ಎಲ್ಲಾ ಹೋಯಿತು. ಈಗ ಹಳೇ ಲಗ್ನಪತ್ರಿಕೆ ಕತ್ತರಿಸಿ ಹಿಂದೆ ಬರೆದು, ಬೂಟಿನ ಡಬ್ಬಿಯಲ್ಲಿ ಮೂರು ಮನೆ ಮಾಡಿ ಇಟ್ಟಿದ್ದಾಳೆ.