ತಡೆ ದಾಟಲು ಕಲಿತ ಇಥಿಯೋಪಿಯಾ

2019ರ ಅಕ್ಟೋಬರ್ 4ರ ರಾತ್ರಿ ದೋಹಾದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್ ಮುಗಿದಾಗ ಗೆದ್ದವರು ಯಾರೆಂದು ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ. ಕೀನ್ಯಾದ ಒಲಿಂಪಿಕ್ ಚಾಂಪಿಯನ್ ಕಾನ್ಸೆಸ್ಲಸ್ ಕಿಪ್ರುಟೊ ತೆಗೆದುಕೊಂಡ ಸಮಯ 8 ನಿಮಿಷ 1.35 ಸೆಕೆಂಡ್. ಪಕ್ಕದಲ್ಲೇ ಎದೆ ಮುಂದೊಡ್ಡಿ ಬಂದ ಇಥಿಯೋಪಿಯಾದ ಲಮೆಚಾ ಗಿರ್ಮಾ ಅವರದು 8 ನಿಮಿಷ 1.36 ಸೆಕೆಂಡ್. ಲಮೆಚಾಗೆ ಆಗಿನ್ನೂ 18 ವರ್ಷ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಚಿನ್ನ ಕೈತಪ್ಪಿತು.

ಆ ಬೆಳ್ಳಿಯ ಬೆಲೆ ಗೊತ್ತಾಗಬೇಕಾದರೆ ಇಥಿಯೋಪಿಯಾದ ಓಟದ ಚರಿತ್ರೆಯನ್ನು ನೋಡಬೇಕು. 1960ರಲ್ಲಿ ರೋಮ್‌ನ ಬೀದಿಗಳಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾ ಅವರಿಂದ ಹಿಡಿದು ಹೈಲೆ ಗೆಬ್ರ್‌ಸೆಲಾಸಿ, ಕೆನೆನಿಸಾ ಬೆಕೆಲೆವರೆಗೆ ಆ ದೇಶದ ಹೆಸರು ಮೆರೆದದ್ದು ರಸ್ತೆಯ ಮೇಲೆ ಮತ್ತು ತಡೆಗಳಿಲ್ಲದ ಟ್ರ್ಯಾಕ್ ಮೇಲೆ. ಸ್ಟೀಪಲ್‌ಚೇಸ್ ಕೀನ್ಯಾದ ಸೊತ್ತಾಗಿತ್ತು. 1968ರ ಮೆಕ್ಸಿಕೊದಿಂದ 2016ರ ರಿಯೊವರೆಗೆ, ತಾನು ಬಹಿಷ್ಕರಿಸಿದ ಎರಡು ಒಲಿಂಪಿಕ್ಸ್ ಬಿಟ್ಟರೆ, ಪುರುಷರ ಸ್ಟೀಪಲ್‌ಚೇಸ್ ಚಿನ್ನವನ್ನು ಕೀನ್ಯಾ ಯಾರಿಗೂ ಬಿಟ್ಟುಕೊಡಲಿಲ್ಲ.

ಓಟವೇನೂ ಸುಲಭದ್ದಲ್ಲ. ಪುರುಷರಿಗೆ ತಡೆಯ ಎತ್ತರ 91.4 ಸೆಂಟಿಮೀಟರ್. ಅಂಥ ತಡೆಗಳನ್ನು 28 ಸಲ, ನೀರಿನ ಹೊಂಡವನ್ನು 7 ಸಲ ದಾಟಬೇಕು. ಹರ್ಡಲ್ಸ್‌ನಲ್ಲಿ ಕಾಲು ತಗುಲಿದರೆ ಹರ್ಡಲ್ ಉರುಳುತ್ತದೆ; ಇಲ್ಲಿ ತಡೆ ಅಲುಗುವುದಿಲ್ಲ, ಓಟಗಾರನೇ ಉರುಳುತ್ತಾನೆ. ಉಸಿರು ಕಟ್ಟಿದ ಕೊನೆಯ ಸುತ್ತಿನಲ್ಲೂ ಹೆಜ್ಜೆಯ ಲೆಕ್ಕ ತಪ್ಪುವಂತಿಲ್ಲ.

ಆದರೂ ಇಥಿಯೋಪಿಯಾಕ್ಕೆ ಇಲ್ಲಿ ಒಬ್ಬ ಹಿರಿಯರಿದ್ದಾರೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ತಾಂಜಾನಿಯಾದ ಫಿಲ್ಬರ್ಟ್ ಬಾಯಿ ಮೊದಲಿನಿಂದಲೇ ಮುನ್ನುಗ್ಗಿದರು. ಪೋಲೆಂಡಿನ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ಕೊನೆಯ ಸುತ್ತಿನಲ್ಲಿ ಅವರನ್ನು ಹಿಂದಿಕ್ಕಿ ಚಿನ್ನ ಗೆದ್ದರು. ಇವರಿಬ್ಬರ ಹಿಂದೆ ಕಂಚು ಗೆದ್ದವರು ಎಶೆಟು ತುರಾ. ಆದರೆ ಅದೇ ಕೂಟದಲ್ಲಿ ಇಥಿಯೋಪಿಯಾದವರೇ ಆದ ಮಿರುಟ್ಸ್ ಯಿಫ್ಟರ್ 5000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದಿದ್ದರು. ಆ ಸಂಭ್ರಮದಲ್ಲಿ ತುರಾ ಹೆಸರು ಹಿಂದೆ ಸರಿಯಿತು. ಸಲ್ಲಬೇಕಾದ ಗೌರವ ಅವರಿಗೆ ಸಲ್ಲಲಿಲ್ಲ ಎಂದೇ ಹೇಳಬೇಕು.

ಮುಂದಿನ ಒಲಿಂಪಿಕ್ ಪದಕ ತಂದವರು ಮಹಿಳೆ. 2012ರ ಲಂಡನ್‌ನಲ್ಲಿ ಮೂರನೆಯವರಾಗಿ ಗುರಿ ಮುಟ್ಟಿದ ಸೋಫಿಯಾ ಅಸೆಫಾ, ಮೊದಲ ಸ್ಥಾನ ಪಡೆದಿದ್ದ ರಷ್ಯಾದ ಓಟಗಾರ್ತಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅನರ್ಹಗೊಂಡ ಮೇಲೆ ಬೆಳ್ಳಿಗೆ ಏರಿದರು. ರಿಯೊದಲ್ಲಿ ಎಟೆನೆಶ್ ದಿರೊ ಹೀಟ್ಸ್‌ನಲ್ಲಿ ಬಿದ್ದು, ಶೂ ಹಾಳಾಗಿ, ಅದನ್ನು ಕಿತ್ತೆಸೆದು ಒಂದೇ ಶೂನಲ್ಲಿ ಓಟ ಮುಗಿಸಿದರು. ಮನವಿ ಒಪ್ಪಿಗೆಯಾಗಿ ಫೈನಲ್‌ನಲ್ಲೂ ಓಡಿದರು.

ಲಮೆಚಾ ಬಂದದ್ದು ಇವರೆಲ್ಲರ ನಂತರ. ಊರು ಆರ್ಸಿ ಪ್ರಾಂತ್ಯದ ಅಸೆಲ್ಲಾ. ಹೈಲೆ ಹುಟ್ಟಿದ್ದೂ ಅದೇ ಸೀಮೆಯಲ್ಲಿ; ಕೆನೆನಿಸಾ ಮತ್ತು ಓಟಗಾರ್ತಿಯರಾದ ದಿಬಾಬಾ ಸಹೋದರಿಯರ ಊರು ಬೆಕೋಜಿಯೂ ಆರ್ಸಿಯದೇ. ಎತ್ತರದ ಆ ನಾಡಿನ ತೆಳುಗಾಳಿಯಲ್ಲಿ ಬೆಳೆದ ಈ ಹುಡುಗನಿಗೆ ತಡೆಯಿಲ್ಲದ ಓಟದ ವೇಗವೂ ಇತ್ತು. 2023ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಲಿಯೆವೆಂನಲ್ಲಿ ಒಳಾಂಗಣ 3000 ಮೀಟರ್ ಅನ್ನು 7 ನಿಮಿಷ 23.81 ಸೆಕೆಂಡ್‌ಗಳಲ್ಲಿ ಓಡಿ, 1998ರಿಂದ ಡೇನಿಯಲ್ ಕೋಮೆನ್ ಹೆಸರಿನಲ್ಲಿದ್ದ ವಿಶ್ವದಾಖಲೆಯನ್ನು ಮುರಿದರು. ಅದೇ ವರ್ಷ ಜೂನ್ 9ರಂದು ಪ್ಯಾರಿಸ್‌ನಲ್ಲಿ ಸ್ಟೀಪಲ್‌ಚೇಸ್ ದಾಖಲೆಯೂ ಉರುಳಿತು. ಕೀನ್ಯಾದಲ್ಲಿ ಹುಟ್ಟಿ ಕತಾರ್ ಪರ ಓಡಿದ ಸೈಫ್ ಸಯೀದ್ ಶಾಹೀನ್ 2004ರಲ್ಲಿ ಬರೆದಿದ್ದ 7 ನಿಮಿಷ 53.63 ಸೆಕೆಂಡ್ ಹೋಗಿ, 7 ನಿಮಿಷ 52.11 ಸೆಕೆಂಡ್ ಬಂತು.

ಇಷ್ಟಾದರೂ ಚಿನ್ನ ಮಾತ್ರ ಒಲಿಯಲಿಲ್ಲ. ಮೊರೊಕ್ಕೊದ ಸೂಫಿಯಾನ್ ಎಲ್ ಬಕ್ಕಾಲಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೀನ್ಯಾದ ಸರಪಳಿ ಕಡಿದರು, ಬೆಳ್ಳಿ ಲಮೆಚಾಗೆ. 2022ರ ಯೂಜೀನ್ ಮತ್ತು 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲೂ ಇದೇ ಕ್ರಮ. ದಾಖಲೆಯ ಓಟದಲ್ಲಿ ವೇಗ ಕಟ್ಟಿಕೊಡುವ ಪೇಸ್‌ಮೇಕರ್‌ಗಳಿರುತ್ತಾರೆ. ಪದಕದ ಓಟದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತಾರೆ. ಯೂಜೀನ್‌ನಲ್ಲಿ ಗೆದ್ದ ಸಮಯವೇ 8 ನಿಮಿಷ 25 ಸೆಕೆಂಡ್ ದಾಟಿತ್ತು. ಅಲ್ಲಿ ಗೆಲ್ಲಿಸುವುದು ಕೊನೆಯ ಸುತ್ತಿನ ಜಿಗಿತ. ಅದರಲ್ಲಿ ಬಕ್ಕಾಲಿಗೆ ಸಾಟಿಯಿರಲಿಲ್ಲ.

2024ರ ಆಗಸ್ಟ್ 7ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತದ ಅವಿನಾಶ್ ಸಾಬ್ಳೆ ಕೂಡ ಓಡಿ 11ನೆಯವರಾದರು. ಇನ್ನು ಸುಮಾರು 200 ಮೀಟರ್ ಇದೆ ಎನ್ನುವಾಗ ಲಮೆಚಾ ಕಾಲು ತಡೆಗೆ ತಗುಲಿತು. ತಲೆ ಟ್ರ್ಯಾಕ್‌ಗೆ ಬಡಿಯಿತು. ಪ್ರಜ್ಞೆ ತಪ್ಪಿದ ಅವರನ್ನು ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ಬಕ್ಕಾಲಿ ಮತ್ತೆ ಚಿನ್ನ ಗೆದ್ದರು.

ಅಂಥ ಬೀಳುವಿಕೆಯ ನಂತರ ಅದೇ ತಡೆಗಳತ್ತ ಮತ್ತೆ ಓಡಲು ಎಂಥ ಎದೆಗಾರಿಕೆ ಬೇಕು! 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅವರು ಮತ್ತೆ ಓಡಿದರು. ಪದಕ ಬರಲಿಲ್ಲ, ನ್ಯೂಜಿಲೆಂಡಿನ ಜಾರ್ಡಿ ಬೀಮಿಶ್ ಎಲ್ಲರನ್ನೂ ಬೆರಗಾಗಿಸಿ ಗೆದ್ದರು. ಒಲಿಂಪಿಕ್ ಸ್ಟೀಪಲ್‌ಚೇಸ್ ಚಿನ್ನ ಇಥಿಯೋಪಿಯಾಕ್ಕೆ ಇನ್ನೂ ಬಂದಿಲ್ಲ. ಹಾಗೆಂದು ಲಮೆಚಾ ಅವರನ್ನು ಎರಡನೇ ಸಾಲಿನಲ್ಲಿ ನಿಲ್ಲಿಸುವುದು ತಪ್ಪು. ತಡೆಗಳನ್ನು ದಾಟುತ್ತ ಅವರಷ್ಟು ವೇಗವಾಗಿ 3000 ಮೀಟರ್ ಓಡಿದವರು ಬೇರೆ ಯಾರೂ ಇಲ್ಲ.