ಇಂಡಿ ರೋಡ್, ಬಾಗೇವಾಡಿ ರೋಡ್... ನಮ್ಮ ರಸ್ತೆಗಳ ಕಥೆ

ಬ್ಲಾಗ್ ಕಡೆ ತಲೆ ಹಾಕದೆ ಸುಮಾರು ದಿನಗಳೇ ಆದವು. ಕೆಲಸ, ರಿಲೀಸು, ಆನ್‌ಕಾಲ್ ಅಂತ ನೆಪಗಳಿಗೇನೂ ಬರವಿಲ್ಲ :) ಆದರೆ ಈ ಬರಹ ತಡವಾಗಿದ್ದಕ್ಕೆ ಕಾರಣ ಬೇರೆ. ಮೂರು ಸಲ ಶುರು ಮಾಡಿ ಮೂರು ಸಲ ಅಳಿಸಿದ್ದೇನೆ. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ನಮ್ಮ ಜಿಲ್ಲೆಯ ರೈಲು ನಕಾಶೆಯನ್ನು ಯಾವತ್ತಾದರೂ ನೋಡಿದ್ದೀರಾ? ಹೋಟಗಿಯಿಂದ ಗದಗಿನ ಕಡೆ ಹೋಗುವ ದಾರಿಯಲ್ಲಿ 'ಇಂಡಿ ರೋಡ್' ಅಂತ ಒಂದು ಸ್ಟೇಷನ್ ಇದೆ. ವಿಜಯಪುರ ದಾಟಿ ಮುಂದೆ ಹೋದರೆ 'ಬಸವನ ಬಾಗೇವಾಡಿ ರೋಡ್' ಅಂತ ಇನ್ನೊಂದು. ಚಿಕ್ಕವನಿದ್ದಾಗ ಇದೇನು ಸ್ಟೇಷನ್ನಿಗೆ 'ರೋಡ್' ಅಂತ ಹೆಸರು ಅಂತ ನಗು ಬರ್ತಿತ್ತು. ಆಮೇಲೆ ಗೊತ್ತಾಯ್ತು, ರೈಲ್ವೆ ಭಾಷೆಯಲ್ಲಿ ಅದರ ಅರ್ಥ 'ಊರು ಇಲ್ಲಿಲ್ಲ, ಇಲ್ಲಿ ಇಳಿದು ರಸ್ತೆ ಹಿಡಿದು ಹೋಗಿ' ಅಂತ. ಸಿಂದಗಿ, ಮುದ್ದೇಬಿಹಾಳಗಳಿಗೆ ಆ 'ರೋಡ್' ಸ್ಟೇಷನ್ನಿನ ಭಾಗ್ಯವೂ ಇಲ್ಲ.

ನನ್ನ ಮಟ್ಟಿಗೆ ಈ ನಾಲ್ಕು ಊರುಗಳ ಅಪಘಾತಗಳ ಕಥೆ ಶುರುವಾಗುವುದು ಇಲ್ಲಿಂದಲೇ.

1876ರಿಂದ 78ರವರೆಗಿನ ಭೀಕರ ಬರದಲ್ಲಿ ನಮ್ಮ ಸೀಮೆ ನುಚ್ಚುನೂರಾಯಿತು. ಬೇರೆ ಕಡೆ ಧಾನ್ಯ ಇದ್ದರೂ ಹಸಿದವರ ಹತ್ತಿರ ತರೋದು ಹೇಗೆ? ಎರೆಭೂಮಿಯಲ್ಲಿ ಮಳೆ ಬಿತ್ತೆಂದರೆ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂತು ಹೋಗ್ತದೆ (ನಮ್ಮ ಹೊಲಕ್ಕೆ ಬಂದವರಿಗೆ ಈಗಲೂ ಇದರ ಅನುಭವ ಇದೆ). ಬರ ಬಂದರೆ ಅನ್ನ ತಲುಪಿಸಲು ರೈಲು ಬೇಕು ಎನ್ನುವ ಲೆಕ್ಕಾಚಾರ ಆಗ ಶುರುವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1884ರ ಸುಮಾರಿಗೆ ಹೋಟಗಿ ಕಡೆಯಿಂದ ಮೀಟರ್ ಗೇಜ್ ರೈಲು ಬಿಜಾಪುರಕ್ಕೆ ಬಂತು. ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದದ್ದೂ ಅದೇ ಹೊತ್ತಿಗೆ. ಆದರೆ ಆ ಹಳಿ ಉತ್ತರದಿಂದ ದಕ್ಷಿಣಕ್ಕೆ ಒಂದು ಗೆರೆ ಎಳೆದು ಹೊರಟು ಹೋಯಿತು. ಇಂಡಿ, ಬಾಗೇವಾಡಿ ಪಕ್ಕಕ್ಕೆ ಉಳಿದವು. ಸಿಂದಗಿ, ಮುದ್ದೇಬಿಹಾಳ ದೂರವೇ ಉಳಿದವು. ಅಂದಿನಿಂದ ಈ ನಾಲ್ಕು ಊರುಗಳ ಜೋಳ, ಲಿಂಬೆ, ತೊಗರಿ, ಕಬ್ಬು, ಮದುವೆ ದಿಬ್ಬಣ, ಹೆರಿಗೆ ನೋವು ಎಲ್ಲವೂ ರಸ್ತೆ ಮೇಲೇ.

ರಸ್ತೆ ಅಂದರೆ ಎಂಥಾ ರಸ್ತೆ? 1943ರಲ್ಲಿ ದೇಶದ ಮುಖ್ಯ ಇಂಜಿನಿಯರುಗಳು ನಾಗಪುರದಲ್ಲಿ ಸೇರಿ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತ್ಯದ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಅಂತ ಜಾತಿವಾರು ವಿಂಗಡಿಸಿದರು. ಆಗ ನಾವು ಮುಂಬೈ ಪ್ರಾಂತ್ಯದಲ್ಲಿದ್ದೆವು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಸೊಲ್ಲಾಪುರದಿಂದ ಬಿಜಾಪುರ, ಹೊಸಪೇಟೆ, ಚಿತ್ರದುರ್ಗದ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿ 13 ನಮ್ಮ ಬೆನ್ನೆಲುಬಾಯಿತು. ಹುಬ್ಬಳ್ಳಿಯಿಂದ ಬಿಜಾಪುರ, ಸಿಂದಗಿ, ಜೇವರ್ಗಿ ಮೇಲೆ ಹುಮನಾಬಾದಿನ ಕಡೆ ಹೋಗುವುದು 218 ಆಯಿತು. 2010ರಲ್ಲಿ ಇಡೀ ದೇಶದ ನಂಬರುಗಳನ್ನೇ ಬದಲಿಸಿದರು. ಸೊಲ್ಲಾಪುರ-ವಿಜಯಪುರ-ಹುಬ್ಬಳ್ಳಿ 52 ಆಯಿತು, ಕಲಬುರಗಿ-ಸಿಂದಗಿ-ವಿಜಯಪುರ-ಚಿತ್ರದುರ್ಗ 50 ಆಯಿತು. ನಮ್ಮೂರಿನ ಡ್ರೈವರುಗಳು ಮಾತ್ರ ಇನ್ನೂ 'ಹದಿಮೂರು' ಅಂತಲೇ ಕರೀತಾರೆ.

ಇನ್ನು ಹಳ್ಳಿ ರಸ್ತೆಗಳು. 2000ದ ಡಿಸೆಂಬರ್ 25ಕ್ಕೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಮಣ್ಣಿನ ದಾರಿಗಳಿಗೆ ಡಾಂಬರು ಬಂತು. ಅದೇ ಹೊತ್ತಿಗೆ ಆಲಮಟ್ಟಿ ಅಣೆಕಟ್ಟು ಮುಗಿಯಿತು. 1964ರಲ್ಲಿ ಅಡಿಗಲ್ಲು ಬಿದ್ದದ್ದು, 2006ರಲ್ಲಿ ಲೋಕಾರ್ಪಣೆ! ನೀರು ಬಂದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ಹಿಂದೆ ಟ್ರ್ಯಾಕ್ಟರ್ ಬಂತು. ಕೈಯಲ್ಲಿ ನಾಲ್ಕು ಕಾಸು ಆಡಿದ ಮನೆಯಲ್ಲಿ ಮೋಟಾರ್ ಸೈಕಲ್ ಬಂತು. ಒಂದು ತಲೆಮಾರಿನ ಹಿಂದೆ ಗಂಟೆಗೆ 4 ಕಿಲೋಮೀಟರಿನ ಚಕ್ಕಡಿ ಓಡುತ್ತಿದ್ದ ಅದೇ ದಾರಿಯಲ್ಲಿ ಈಗ 80ರ ಬೈಕು. ದಾರಿಯ ಅಗಲ, ಅಂಚಿನ ಜಾಲಿಕಂಟಿ, ಕತ್ತಲು, ತಿರುವು ಹಾಗೇ ಇವೆ. ವೇಗ ಮಾತ್ರ ಇಪ್ಪತ್ತು ಪಟ್ಟು!

ಇದರ ಫಲ ಏನು ಅನ್ನೋದನ್ನ ಮೂರು ಘಟನೆಗಳಲ್ಲಿ ಹೇಳ್ತೀನಿ. ಮೂರೂ ಪತ್ರಿಕೆಗಳಲ್ಲಿ ಬಂದವು, ಮೂರು ಬೇರೆ ಬೇರೆ ಜಾತಿಯ ರಸ್ತೆಗಳು.

ಒಂದು. 2019ರ ಮಾರ್ಚ್, ಸಿಂದಗಿ ಪಕ್ಕದ ಚಿಕ್ಕಸಿಂದಗಿ ಬೈಪಾಸ್. ಗೋವಾ ಪ್ರವಾಸ ಮುಗಿಸಿ ಚಿತ್ತಾಪುರಕ್ಕೆ ಮರಳುತ್ತಿದ್ದ ಯುವಕರ ಕ್ರೂಸರ್‌ಗೂ ಕ್ಯಾಂಟರ್‌ಗೂ ಡಿಕ್ಕಿ. 9 ಸಾವು. ಆಗ ನಾನು ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ನಾವೂ ಅಂಥದ್ದೇ ಗೋವಾ ಟ್ರಿಪ್ಪಿಗೆ ದುಡ್ಡು ಸೇರಿಸ್ತಾ ಇದ್ವಿ.

ಎರಡು. 2024ರ ಡಿಸೆಂಬರ್ 6, ತಾಳಿಕೋಟೆ ಹತ್ತಿರದ ಬಿಳೇಭಾವಿ ಕ್ರಾಸ್. ತಾಳಿಕೋಟೆ 2018ರಲ್ಲಿ ಬೇರೆ ತಾಲೂಕು ಆಗುವವರೆಗೆ ಇದು ಮುದ್ದೇಬಿಹಾಳ ತಾಲೂಕೇ. ಕಾರಿಗೂ ಬೆಳೆ ಕೊಯ್ಲು ಮಾಡುವ ದೊಡ್ಡ ಯಂತ್ರಕ್ಕೂ ಡಿಕ್ಕಿ. ಕಾರಿನಲ್ಲಿದ್ದ 5 ಜನರ ಸಾವು.

ಮೂರು. 2025ರ ಮೇ 21, ಮನಗೂಳಿ ಬಳಿ, ಹೆದ್ದಾರಿ 50. ಕಾರು ಡಿವೈಡರ್ ದಾಟಿ ಎದುರಿನ ಖಾಸಗಿ ಬಸ್ಸಿಗೆ ಅಪ್ಪಳಿಸಿತು. 6 ಸಾವು.

ಮೊದಲನೆಯದು ಬೈಪಾಸ್. ಬೈಪಾಸ್ ಮಾಡುವುದೇ ಊರೊಳಗಿನ ಅಪಘಾತ ತಪ್ಪಿಸಲು. ಆದರೆ ಎದುರು ಬದುರು ವಾಹನಗಳ ನಡುವೆ ಬಿಳಿ ಗೆರೆ ಬಿಟ್ಟು ಬೇರೇನೂ ಇಲ್ಲದ ದಾರಿಯಲ್ಲಿ ಒಬ್ಬನ ಒಂದು ಕ್ಷಣದ ತಪ್ಪು ಎದುರಿನವನಿಗೂ ಮರಣದಂಡನೆ. ಎರಡನೆಯದು ಹೊಲ ಮತ್ತು ಹೆದ್ದಾರಿ ಒಂದೇ ಆಗಿಬಿಟ್ಟ ರಸ್ತೆ. ಕೊಯ್ಲಿನ ಯಂತ್ರಕ್ಕೆ ಓಡಾಡಲು ಬೇರೆ ದಾರಿಯೇ ಇಲ್ಲ. ಮೂರನೆಯದು ನಾಲ್ಕು ಪಥದ ರಸ್ತೆ. 'ನಾಲ್ಕು ಲೇನ್ ಆದ್ರ ಎಲ್ಲಾ ಸರಿ ಹೋಗ್ತದ' ಅಂತ ನಾವೆಲ್ಲ ನಂಬಿದ್ದೆವು. ಮಧ್ಯೆ ಡಿವೈಡರ್ ಇದ್ದರೂ ಅದು ಕಾರನ್ನು ತಡೆಯಲಿಲ್ಲ. ಅಂದರೆ ರಸ್ತೆ ಅಗಲ ಮಾಡುವುದು ಬೇರೆ, ಸುರಕ್ಷಿತ ಮಾಡುವುದು ಬೇರೆ.

ಸ್ವೀಡನ್ನಿನ ಸಂಸತ್ತು 1997ರಲ್ಲಿ 'ವಿಷನ್ ಝೀರೋ' ಅಂತ ಒಂದು ನಿರ್ಧಾರ ಮಾಡಿತು. ಮನುಷ್ಯ ತಪ್ಪು ಮಾಡೇ ಮಾಡ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆಯಾಗದ ಹಾಗೆ ರಸ್ತೆ ಕಟ್ಟೋದು ಕಟ್ಟುವವರ ಹೊಣೆ ಅಂತ ಅದರ ತಿರುಳು. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಚೆನ್ನಾಗಿ ಅರ್ಥ ಆಗ್ತದೆ. ಯೂಸರ್ ತಪ್ಪು ಬಟನ್ ಒತ್ತಿದ ಅಂತ ಇಡೀ ಡೇಟಾಬೇಸ್ ಅಳಿಸಿ ಹೋದರೆ ನಾವು ಯೂಸರನ್ನು ಬೈದು ಸುಮ್ಮನಿರ್ತೀವಾ? ಅವರು ದೊಡ್ಡ ಖರ್ಚೇನೂ ಮಾಡಲಿಲ್ಲ. ಇದ್ದ ಅಗಲದಲ್ಲೇ ಮೂರು ಲೇನ್ ಮಾಡಿ ಎದುರು ಬದುರು ವಾಹನಗಳ ನಡುವೆ ಉಕ್ಕಿನ ಹಗ್ಗದ ಬೇಲಿ ಎಳೆದರು. ಮಧ್ಯದ ಲೇನು ಒಂದಷ್ಟು ದೂರ ಈ ಕಡೆಯವರಿಗೆ, ಇನ್ನೊಂದಷ್ಟು ದೂರ ಆ ಕಡೆಯವರಿಗೆ. ಅಂಥ ರಸ್ತೆಗಳಲ್ಲಿ ಸಾವು ಬಹುಪಾಲು ಇಳಿಯಿತು.

ಈಗ ಕಬ್ಬಿನ ಟ್ರ್ಯಾಕ್ಟರ್ ಲೆಕ್ಕ ಒಂದು ಮಾಡೋಣ. ರಾತ್ರಿ, ಹಿಂದೆ ಕೆಂಪು ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ರಸ್ತೆಯಲ್ಲಿ ನಿಂತಿದೆ. ಬೈಕಿನ ಬೆಳಕಿಗೆ ಅದು 50 ಮೀಟರ್ ದೂರದಲ್ಲಿ ಕಾಣ್ತದೆ ಅಂತ ಇಟ್ಟುಕೊಳ್ಳಿ. 60ರ ವೇಗದಲ್ಲಿದ್ದರೆ ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ 25 ಮೀಟರ್ ಹೋಯಿತು, ಒಳ್ಳೆಯ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೊಂದು 20. ಒಟ್ಟು 45, ಬದುಕಿದ. 80ರಲ್ಲಿದ್ದರೆ? ಬ್ರೇಕಿಗೆ ಕೈ ಹೋಗುವಷ್ಟರಲ್ಲೇ 33 ಮೀಟರ್ ಮುಗೀತು. ಉಳಿದದ್ದು 17, ನಿಲ್ಲಲು ಬೇಕಾದ್ದು 35. ಅವನು ಟ್ರೇಲರಿಗೆ ಬಡಿಯುವಾಗ ವೇಗ ಇನ್ನೂ 58ರ ಹತ್ತಿರ ಇರ್ತದೆ! 20 ಕಿಲೋಮೀಟರ್ ವ್ಯತ್ಯಾಸದಲ್ಲಿ ಒಬ್ಬ ನಿಂತ, ಒಬ್ಬ ಸತ್ತ. ಟ್ರೇಲರಿನ ಹಿಂದೆ ಒಂದು ಕೆಂಪು ಪಟ್ಟಿ ಇದ್ದಿದ್ದರೆ? ಇಬ್ಬರಿಗೂ ಅದು 200 ಮೀಟರ್ ದೂರದಿಂದಲೇ ಕಾಣ್ತಿತ್ತು, ಇಬ್ಬರೂ ಮನೆಗೆ ಹೋಗಿ ಊಟ ಮಾಡ್ತಿದ್ದರು.

ಅಂಕಿಸಂಖ್ಯೆ ಬೇಕು ಅನ್ನುವವರಿಗೆ: 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491. ಕರ್ನಾಟಕದಲ್ಲಿ 11,702. ದೇಶದ ಸಾವುಗಳಲ್ಲಿ 100ಕ್ಕೆ 68 ಗ್ರಾಮೀಣ ಪ್ರದೇಶದಲ್ಲಿ ಆದವು, 44ಕ್ಕೂ ಹೆಚ್ಚು ದ್ವಿಚಕ್ರದವರವು. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ನಾವು ಬ್ಲಾಗಿನ ಮೇಲೆ ಬ್ಲಾಗು ಬರೀತೀವಿ. ಅಲ್ಲಿ ವಾಹನ ಆಮೆ ತರ ಹೋಗ್ತದೆ, ಸಾಯೋದು ಕಷ್ಟ. ಜನ ಸಾಯ್ತಿರೋದು ಟ್ರಾಫಿಕ್ಕೇ ಇಲ್ಲದ ನಮ್ಮ ಊರಿನ ರಸ್ತೆಗಳಲ್ಲಿ.

ಪೆಟ್ಟು ಬಿದ್ದ ಮೇಲಿನ ಕಥೆ ಇನ್ನೊಂದು. ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜುಗಳು ಇರೋದು ವಿಜಯಪುರದಲ್ಲಿ. ಇಂಡಿ, ಸಿಂದಗಿಯಿಂದ 50-60 ಕಿಲೋಮೀಟರ್, ಮುದ್ದೇಬಿಹಾಳದಿಂದ ಅದಕ್ಕಿಂತ ಹೆಚ್ಚು. ತಲೆಗೆ ಪೆಟ್ಟಾದವನಿಗೆ ಮೊದಲ ಒಂದು ಗಂಟೆ ಚಿನ್ನದ ಗಂಟೆ ಅಂತಾರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ ಆ ಮಾತು ಸೇರಿತು. ನಮ್ಮಲ್ಲಿ ಆ ಗಂಟೆ ದಾರಿಯಲ್ಲೇ ಕಳೀತದೆ. 2008ರ ನವೆಂಬರ್ 1ಕ್ಕೆ 108 ಆಂಬುಲೆನ್ಸ್ ಬಂದದ್ದು ನಮ್ಮಂಥ ಊರುಗಳಿಗೆ ದೊಡ್ಡ ಉಪಕಾರ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕು ದೇಹ ಎರಡು ತುಂಡಾದರೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಹರೀಶ್ ನೆನಪಿರಬೇಕಲ್ಲ? ಅವರ ಹೆಸರಿನಲ್ಲೇ ಸರ್ಕಾರ ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆಯ ಯೋಜನೆ ತಂದಿತು. ಅದೇ ವರ್ಷ ಮಾರ್ಚ್ 30ಕ್ಕೆ ಸುಪ್ರೀಂ ಕೋರ್ಟ್, ಗಾಯಾಳುವಿಗೆ ನೆರವಾದವನನ್ನು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಸತಾಯಿಸಬಾರದು ಎನ್ನುವ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಏಳು ದಿನದವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆ ಘೋಷಿಸಿತು.

ಕಾನೂನು ಬಂತು, ಯೋಜನೆ ಬಂತು. ಉಳಿದದ್ದು ನಾವು.

ಇಲ್ಲಿಗೆ ಬಂದೇ ನಾನು ಮೂರು ಸಲ ಅಳಿಸಿದ್ದು.

2024ರ ದೀಪಾವಳಿಗೆ ಊರಿಗೆ ಹೊರಟಿದ್ದೆ. ರಾತ್ರಿ ಬಸ್ಸು, ನಸುಕು, ಇನ್ನೇನು ಊರು ಬಂತು ಅನ್ನುವಷ್ಟರಲ್ಲಿ ಬಸ್ಸು ನಿಧಾನ ಆಯ್ತು. ಕಿಟಕಿಯಿಂದ ನೋಡಿದೆ. ಕಬ್ಬಿನ ಟ್ರೇಲರ್ ಒಂದು ನಿಂತಿತ್ತು, ಅದರ ಹಿಂದೆ ಬೈಕ್ ಬಿದ್ದಿತ್ತು. ಬೈಕಿನ ಪಕ್ಕ ಒಬ್ಬ. ಸುತ್ತ ನಾಲ್ಕೈದು ಮಂದಿ ಸುಮ್ಮನೆ ನಿಂತಿದ್ದರು. ಹಿಂದಿನ ಸೀಟಿನವರು ಯಾರೋ "ಮಂದಿ ಅದಾರಲ್ಲ, ನೋಡ್ಕೋತಾರ ನಡೀರಿ" ಅಂದರು. ಬಸ್ಸು ಹೊರಟಿತು. ನನ್ನ ಕೈಯಲ್ಲೇ ಫೋನಿತ್ತು. ಚಾರ್ಜ್ ಇತ್ತು, ಸಿಗ್ನಲ್ ಇತ್ತು. ಮೂರು ಅಂಕಿ ಒತ್ತಬೇಕಿತ್ತು ಅಷ್ಟೇ. ನಾನು ಒತ್ತಲಿಲ್ಲ. ಯಾರೋ ಮಾಡಿರ್ತಾರೆ ಅಂದುಕೊಂಡೆ. ಅಲ್ಲಿ ನಿಂತಿದ್ದ ನಾಲ್ಕೈದು ಮಂದಿಯೂ ಹಾಗೇ ಅಂದುಕೊಂಡಿದ್ದರೆ?

ಅವನು ಬದುಕಿದನಾ ಅಂತ ನನಗೆ ಗೊತ್ತಿಲ್ಲ. ಮನೆಗೆ ಹೋದೆ, ಎಣ್ಣೆ ಸ್ನಾನ ಮಾಡಿದೆ, ಹೋಳಿಗೆ ತಿಂದೆ. ವ್ಯವಸ್ಥೆ, ಡಿವೈಡರ್, ರಿಫ್ಲೆಕ್ಟರ್ ಅಂತ ಮೇಲೆ ಇಷ್ಟುದ್ದ ಬರೆದೆನಲ್ಲ, ಅದೆಲ್ಲ ಆಮೇಲೆ ಓದಿ ತಿಳಿದದ್ದು. ಓದಿದ್ದು ಕೂಡ ಆ ನಸುಕನ್ನು ಮರೆಯೋಕೆ ಇರಬೇಕು.

ಈ ಸಲ ಊರಿಗೆ ಹೋದಾಗ ಎರಡು ಕೆಲಸ ಮಾಡಿದೆ. ಒಂದು, ಕೆಂಪು ರಿಫ್ಲೆಕ್ಟರ್ ಟೇಪಿನ ದೊಡ್ಡ ಸುರುಳಿ ಒಯ್ದು ನಮ್ಮ ಓಣಿಯ ಟ್ರೇಲರುಗಳಿಗೆಲ್ಲ ಅಂಟಿಸಿದೆ. ಏಳು ಟ್ರೇಲರ್ ಆದವು. ಹುಡುಗರು "ಬೆಂಗಳೂರಾಗ ನೌಕರಿ ಹೋತೇನೋ?" ಅಂತ ನಕ್ಕರು. ನಗಲಿ. ಎರಡು, ಅಪ್ಪನಿಗೆ ಹೆಲ್ಮೆಟ್ ತಂದುಕೊಟ್ಟೆ. "ಹೊಲಕ್ಕ ಹೋಗಾಕ ಇದ್ಯಾಕೋ ತಮ್ಮಾ, ಎಲ್ಲಾ ನಮ್ಮ ಮಂದೀನ ಅದಾರ ದಾರ್ಯಾಗ" ಅಂದರು. ದೀಪಾವಳಿಯ ನಸುಕಿನ ಕಥೆಯನ್ನು ಆಗ ಮೊದಲ ಸಲ ಒಬ್ಬರಿಗೆ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಮರುದಿನ ಮುಂಜಾನೆ ಹೆಲ್ಮೆಟ್ ಹಾಕ್ಕೊಂಡೇ ಹೊಲಕ್ಕೆ ಹೋದರು. ಪಟ್ಟಿ ಕಟ್ಟಿರಲಿಲ್ಲ, ಓಡಿ ಹೋಗಿ ನಾನೇ ಕಟ್ಟಿದೆ.

ನಿಮ್ಮ ಊರಿನ ದಾರಿಯಲ್ಲೂ ದೀಪವಿಲ್ಲದ ಟ್ರೇಲರ್ ಇರ್ತದೆ. ಟೇಪಿನ ಸುರುಳಿಗೆ ಜಾಸ್ತಿ ದುಡ್ಡಿಲ್ಲ. ಮತ್ತೆ, ಬಸ್ಸು ನಿಧಾನ ಆದಾಗ ಯಾರೋ ಫೋನ್ ಮಾಡಿರ್ತಾರೆ ಅಂದುಕೊಳ್ಳಬೇಡಿ. ನೀವೇ ಮಾಡಿ.